ಲೇಸರ್ ತಂತ್ರಾಂಶದ ಹೊಸ ಸೌಲಭ್ಯಗಳು ಮತ್ತು ಕನ್ನಡದ ಅಕ್ಷರ

ಕೇಳುಗರೆಲ್ಲರಿಗೂ ನಮಸ್ಕಾರ.

ನಾಮಫಲಕ, ಮದುವೆಯ ಕರೆಯೋಲೆ, ನೆನಪಿನ ಕಾಣಿಕೆ, ಗೋಡೆ ಗಡಿಯಾರದ ಮುಖ ಮುಂತಾದವನ್ನು ಲೇಸರ್ ಯಂತ್ರದಲ್ಲಿ ಕತ್ತರಿಸಿಕೊಡುವ ಅಂಗಡಿಗಳನ್ನು ನೀವು ನೋಡಿರುತ್ತೀರಿ. ಮರ ಮತ್ತು ಅಕ್ರಿಲಿಕ್ ಕೆಲಸಕ್ಕೆ ಅಲ್ಲಿ ಹೆಚ್ಚಾಗಿ ಬಳಕೆಯಾಗುವುದು ಇಂಗಾಲದ ಡೈಆಕ್ಸೈಡ್ ಲೇಸರ್. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ವಿಜ್ಞಾನಿ ಕುಮಾರ್ ಪಟೇಲ್ ಅವರು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇದನ್ನು ರೂಪಿಸಿದರು. 10.6 ಮೈಕ್ರೋಮೀಟರ್ ತರಂಗಾಂತರದ ಈ ಅವಕೆಂಪು ಕಿರಣವನ್ನು ಮರ, ಕಾಗದ ಮತ್ತು ಅಕ್ರಿಲಿಕ್ ಚೆನ್ನಾಗಿ ಹೀರಿಕೊಳ್ಳುತ್ತವೆ. ಕಿರಣದ ತತ್ತ್ವ ಅಂದಿನದೇ ಆದರೂ ಅದನ್ನು ನಡೆಸುವ ತಂತ್ರಾಂಶ ಮಾತ್ರ ಈಚಿನ ವರ್ಷಗಳಲ್ಲಿ ಬಹಳ ಬೆಳೆದಿದೆ. ಲೈಟ್‌ಬರ್ನ್‌ನಂಥ ತಂತ್ರಾಂಶಗಳಲ್ಲಿ ಸೇರ್ಪಡೆಯಾಗಿರುವ ಸೌಲಭ್ಯಗಳಲ್ಲಿ, ನಮ್ಮ ಕುಶಲಕರ್ಮಿಗಳಿಗೆ ನಿಜವಾಗಿ ಒದಗಿಬರುವ ಕೆಲವನ್ನು ಇಂದು ಆರಿಸಿಕೊಂಡಿದ್ದೇನೆ.

ನನ್ನ ದೃಷ್ಟಿಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಪರೀಕ್ಷಾ ಚೌಕಗಳನ್ನು ತಾನಾಗಿಯೇ ಬರೆಯುವ ಸೌಲಭ್ಯ. ಹೊಸ ಶೀಟ್ ಬಂದಾಗ ಎಷ್ಟು ವೇಗ, ಎಷ್ಟು ಶಕ್ತಿ ಇಡಬೇಕೆಂಬುದನ್ನು ಹಿಂದೆ ಅಂದಾಜಿನ ಮೇಲೆ, ಸಾಮಾನು ಹಾಳುಮಾಡಿಕೊಂಡೇ ಕಲಿಯಬೇಕಾಗಿತ್ತು. ಈಗ ವೇಗದ ಮತ್ತು ಶಕ್ತಿಯ ಕನಿಷ್ಠ, ಗರಿಷ್ಠ ಮಿತಿಗಳನ್ನು ಕೊಟ್ಟರೆ ಸಾಕು, ತಂತ್ರಾಂಶವು ಒಂದು ಬದಿಗೆ ವೇಗವನ್ನೂ ಇನ್ನೊಂದು ಬದಿಗೆ ಶಕ್ತಿಯನ್ನೂ ಏರಿಸುತ್ತಾ ಸಣ್ಣ ಚೌಕಗಳ ಸಾಲುಗಳನ್ನು ಕೆತ್ತಿ, ಪಕ್ಕದಲ್ಲಿ ಅಂಕಿಗಳನ್ನೂ ನಮೂದಿಸುತ್ತದೆ. ಯಾವ ಚೌಕ ಹಿತವಾಗಿ ಕಪ್ಪಾಗಿದೆ, ಯಾವುದು ಸುಟ್ಟಿದೆ ಎಂಬುದನ್ನು ಕಣ್ಣಲ್ಲೇ ನೋಡಿ, ಆ ಅಂಕಿಗಳನ್ನು ಸಾಮಗ್ರಿಯ ಹೆಸರು ಮತ್ತು ದಪ್ಪದ ಜೊತೆ ತಂತ್ರಾಂಶದ ಭಂಡಾರದಲ್ಲೇ ಉಳಿಸಿಡಬಹುದು.

ಎರಡನೆಯದು ಕಿರಣದ ಅಗಲವನ್ನು ಲೆಕ್ಕಕ್ಕೆ ಹಿಡಿಯುವ ಸೌಲಭ್ಯ. ಗರಗಸದ ಹಾಗೆ ಲೇಸರ್ ಕೂಡ ತಾನು ಹಾದುಹೋದ ದಾರಿಯ ವಸ್ತುವನ್ನು ತಿನ್ನುತ್ತದೆ. ಆ ಸೀಳಿನ ಅಗಲ 0.2 ಮಿಲಿಮೀಟರ್ ಎಂದಿಟ್ಟುಕೊಂಡರೆ, 20 ಮಿಲಿಮೀಟರ್ ಎಂದು ಬರೆದ ತುಂಡು 19.8ಕ್ಕೆ ಇಳಿಯುತ್ತದೆ, 20ರ ರಂಧ್ರ 20.2ಕ್ಕೆ ಹಿಗ್ಗುತ್ತದೆ. ಒಂದರೊಳಗೊಂದು ಸಿಕ್ಕಿಸಬೇಕಾದ ಪೆಟ್ಟಿಗೆಯ ಹಲ್ಲುಗಳು ಸಡಿಲವಾಗುವುದು ಇದರಿಂದಲೇ. ಸೀಳಿನ ಅರ್ಧದಷ್ಟು ಅಳತೆಯನ್ನು ತಂತ್ರಾಂಶಕ್ಕೆ ತಿಳಿಸಿದರೆ, ಅದು ಹೊರಗೆರೆಯನ್ನು ಹೊರಕ್ಕೂ ಒಳಗಿನ ರಂಧ್ರಗಳ ಗೆರೆಯನ್ನು ಒಳಕ್ಕೂ ಸರಿಸಿ ಕತ್ತರಿಸುತ್ತದೆ.

ಮೇಜಿನ ಮೇಲಿನ ಕ್ಯಾಮೆರಾ ತೋರಿಸುವ ಚಿತ್ರದ ಮೇಲೆಯೇ ವಿನ್ಯಾಸವನ್ನು ಕೂರಿಸಿ, ಉಳಿದ ತುಂಡುಗಳನ್ನು ಬಳಸುವ ಅನುಕೂಲವೂ ಇದೆ. ಮೊದಲೇ ಮುದ್ರಿಸಿದ ಹಾಳೆಯಾದರೆ, ಅದರ ಎರಡು ಗುರುತುಗಳನ್ನು ತೋರಿಸಿದೊಡನೆ ತಂತ್ರಾಂಶ ಓರೆಯನ್ನು ಸರಿಪಡಿಸಿಕೊಳ್ಳುತ್ತದೆ.

ಇನ್ನು ಕನ್ನಡದ ವಿಚಾರಕ್ಕೆ ಬರೋಣ. ಯೂನಿಕೋಡ್ ಫಾಂಟುಗಳಲ್ಲಿ ಮೂಲಾಕ್ಷರ, ಸ್ವರಚಿಹ್ನೆ ಮತ್ತು ಒತ್ತಕ್ಷರಗಳು ಎಷ್ಟೋ ವೇಳೆ ಬೇರೆ ಬೇರೆ ಆಕೃತಿಗಳಾಗಿದ್ದು, ಒಂದರ ಮೇಲೊಂದು ಹಾಯ್ದಿರುತ್ತವೆ. ಕಾಗದದ ಮೇಲೆ ಅದು ತಿಳಿಯುವುದಿಲ್ಲ. ಲೇಸರ್ ಮಾತ್ರ ಪ್ರತಿ ಆಕೃತಿಯ ಅಂಚನ್ನೂ ಹಿಡಿದು ಹೋಗುವುದರಿಂದ ಅಕ್ಷರದ ನಡುವೆಯೇ ಸೀಳು ಬೀಳುತ್ತದೆ, ಕೆತ್ತನೆಯಲ್ಲಾದರೆ ಎರಡು ಆಕೃತಿಗಳು ಹಾಯ್ದ ಜಾಗ ಖಾಲಿ ಉಳಿಯುತ್ತದೆ. ಆಕೃತಿಗಳನ್ನು ಬೆಸೆಯುವ ವೆಲ್ಡ್ ಆಯ್ಕೆಯನ್ನು ಒತ್ತಿದರೆ ಒಳಗಿನ ಗೆರೆಗಳು ಅಳಿದು ಒಂದೇ ಹೊರಗೆರೆ ಉಳಿಯುತ್ತದೆ. ಲೇಸರ್ ತಂತ್ರಾಂಶದಲ್ಲಿ ಒತ್ತಕ್ಷರಗಳು ಸರಿಯಾಗಿ ಮೂಡದಿದ್ದರೆ, ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಎಂಬ ಚಿತ್ರರಚನೆಯ ತಂತ್ರಾಂಶದಲ್ಲಿ ಬರೆದು, ಅಕ್ಷರಗಳನ್ನು ರೇಖಾಕೃತಿಯಾಗಿ ಮಾರ್ಪಡಿಸಿ ತರುವುದು ಒಳ್ಳೆಯ ದಾರಿ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಹಲಗೆಯಲ್ಲಿ ಅಕ್ಷರವನ್ನು ತೂತಾಗಿ ಕೊರೆಯುವಾಗ 'ರ'ದ ಒಳಗಿನ ಬಟ್ಟು ಕಳಚಿ ಬೀಳುತ್ತದೆ. ಅಕ್ಷರವನ್ನೇ ಹಲಗೆಯಿಂದ ಕತ್ತರಿಸಿ ತೆಗೆಯುವಾಗ 'ಠ'ದ ನಡುವಿನ ಚುಕ್ಕೆ ಬೇರೆಯಾಗುತ್ತದೆ, 'ಅಮ್ಮ' ಎಂಬಲ್ಲಿನ ಒತ್ತು ಮೇಲಿನ ಅಕ್ಷರಕ್ಕೆ ತಾಗದಿದ್ದರೆ ಅದೂ ಉದುರಿಹೋಗುತ್ತದೆ. ಕತ್ತರಿಸುವ ಗೆರೆಯಲ್ಲಿ ಅಲ್ಲಲ್ಲಿ ಸಣ್ಣ ಅಂತರ ಬಿಡುವ ಟ್ಯಾಬ್ ಸೌಲಭ್ಯ ತುಂಡುಗಳನ್ನು ಕೆಲಸ ಮುಗಿಯುವವರೆಗೆ ಹಿಡಿದಿಡುತ್ತದೆಯೇ ಹೊರತು ಅಕ್ಷರಕ್ಕೆ ಶಾಶ್ವತವಾದ ಸೇತುವೆ ಹಾಕಿಕೊಡುವುದಿಲ್ಲ. ಆ ಸೇತುವೆಯನ್ನು ಎಲ್ಲಿಟ್ಟರೆ ಓದಿಗೆ ಅಡ್ಡಿಯಾಗದು ಎಂಬುದನ್ನು ಕನ್ನಡ ಬಲ್ಲ ಕೆಲಸಗಾರರೇ ನಿರ್ಧರಿಸಬೇಕು, ಮತ್ತು ಇಂಥ ಜಾಣ್ಮೆಯ ಕೆಲಸಕ್ಕೆ ಗಿರಾಕಿಗಳು ತಕ್ಕ ಮಜೂರಿ ಕೊಡಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಕೊನೆಯದಾಗಿ ಒಂದು ಎಚ್ಚರಿಕೆ. ಮೇಜಿನ ಮೇಲಿಟ್ಟ ಶೀಟ್ ಅಕ್ರಿಲಿಕ್ಕೋ ಪಿವಿಸಿಯೋ ಎಂಬುದನ್ನು ಈ ತಂತ್ರಾಂಶಗಳು ಗುರುತಿಸಲಾರವು. ಪಿವಿಸಿ ಸುಟ್ಟಾಗ ಹೊರಡುವ ಹೈಡ್ರೋಜನ್ ಕ್ಲೋರೈಡ್ ಅನಿಲ ಶ್ವಾಸಕೋಶಕ್ಕೆ ಕೆಡುಕು, ಯಂತ್ರದ ಲೋಹದ ಭಾಗಗಳಿಗೆ ತುಕ್ಕು. ಆದ್ದರಿಂದ ಶೀಟ್ ಕೊಳ್ಳುವಾಗಲೇ ಅದು ಯಾವುದೆಂದು ಅಂಗಡಿಯವರಿಂದ ಬರೆಸಿಕೊಳ್ಳಿ. ಅಕ್ರಿಲಿಕ್ ಮತ್ತು ಮರ ಬೇಗ ಹೊತ್ತಿಕೊಳ್ಳುವ ವಸ್ತುಗಳಾದ್ದರಿಂದ, ಯಂತ್ರ ಓಡುವಷ್ಟು ಹೊತ್ತೂ ಒಬ್ಬರು ಅದರ ಹತ್ತಿರವೇ ಇರಲಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತಿರಲಿ.

ನಮಸ್ಕಾರ.