ಎಷ್ಟು ಆಳವೋ ಅಷ್ಟು ದೂರ

ಕೇಳುಗರಿಗೆ ನಮಸ್ಕಾರ.

ಮನೆ ಮುಂದೆ ರಸ್ತೆ ಅಗೆದಿದ್ದಾರೆ. ಒಳಚರಂಡಿ ಪೈಪೋ, ಕುಡಿಯುವ ನೀರಿನದೋ, ಕೇಬಲ್ಲೋ, ಏನೋ ಒಂದು. ಶಿವಮೊಗ್ಗದಲ್ಲಾಗಲಿ, ಸಾಗರ, ತೀರ್ಥಹಳ್ಳಿಯ ಹೊಸ ಬಡಾವಣೆಯಲ್ಲಾಗಲಿ, ನಿಮ್ಮಲ್ಲಿ ಕೆಲವರಾದರೂ ಇವತ್ತು ಬಳಸು ದಾರಿಯಲ್ಲಿ ಹೋಗಿ ಹಾಲು ತಂದಿರುತ್ತೀರಿ. ಬೇಸರ ಆಗುತ್ತದೆ, ಬೈಯಬೇಕೆನಿಸಿದರೆ ಬೈಯಿರಿ. ಆದರೆ ಬಳಸಿಯೇ ಹೋಗಿ. ಲೆಕ್ಕ ಒಂದೇ: ಗುಂಡಿ ಎಷ್ಟು ಆಳವೋ ಅಂಚಿನಿಂದ ಅಷ್ಟು ದೂರ. 6 ಅಡಿ ಆಳವಿದ್ದರೆ 6 ಅಡಿ ದೂರ. ಮಕ್ಕಳಿಗೆ, ದನಕ್ಕೆ, ನಿಲ್ಲಿಸಿದ ಸ್ಕೂಟರಿಗೆ, ಎಲ್ಲಕ್ಕೂ ಇದೇ ಲೆಕ್ಕ.

ಯಾಕೆ? ಅಂಚು ಕುಸಿದರೆ ಮೈಮೇಲೆ ಬೀಳುವ ಮಣ್ಣಿನ ತೂಕ ನಮಗೆ ಅಂದಾಜಿಲ್ಲ. 1 ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಮೇಲೆ, ನೆನೆದರೆ 2 ಟನ್ ಹತ್ತಿರ. ಎದೆಮಟ್ಟ ಹೂತವರಿಗೆ ತಲೆ ಹೊರಗಿದ್ದರೂ ಉಸಿರಾಡಲಾಗುವುದಿಲ್ಲ. ಉಸಿರು ಬಿಟ್ಟಾಗ ಎದೆ ಕುಗ್ಗುತ್ತದಲ್ಲ, ಆ ಜಾಗಕ್ಕೆ ಮಣ್ಣು ಇಳಿದು ಕೂರುತ್ತದೆ. ಮತ್ತೆ ಎದೆ ಅರಳುವುದಕ್ಕೆ ಜಾಗವೇ ಉಳಿಯುವುದಿಲ್ಲ.

ಈಗ ಧರೆಯ ವಿಷಯ, ಅಂದರೆ ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆಯದು. ಒಂದು ಇಳಿಜಾರು ಸೈಟು ಅಂದುಕೊಳ್ಳಿ. ಜನವರಿಯಲ್ಲಿ ಜೆಸಿಬಿ ಬಂತು, 15 ಅಡಿ ಎತ್ತರದ ಧರೆಯನ್ನು ನೆಟ್ಟಗೆ ಕಡಿಯಿತು, ಸೈಟು ಚಪ್ಪಟೆಯಾಯಿತು. ಧರೆಯಿಂದ 4 ಅಡಿ ಬಿಟ್ಟು ಮನೆ, ಹಿಂದೆ ಬಚ್ಚಲು. ಬೇಸಿಗೆಯಲ್ಲಿ ಧರೆ ಗೋಡೆಯ ಹಾಗೆ ನಿಂತಿರುತ್ತದೆ. 'ಕಲ್ಲಿನಂತಿದೆ, ಏನೂ ಆಗಲ್ಲ' ಅನ್ನುತ್ತಾರೆ. ಕಲ್ಲಿನಂತಿರುವುದು ಮೇಲಿನ ಜಂಬಿಟ್ಟಿಗೆ ಪದರ. ಅದರ ಕೆಳಗೆ ಏನಿದೆ? ನಮ್ಮ ಕಡೆ ಬಹಳಷ್ಟು ಗುಡ್ಡಗಳಲ್ಲಿ ಶೇಡಿ ಮಣ್ಣು. ಒಣಗಿದ್ದಾಗ ಚಾಕುವಿನಲ್ಲಿ ಕೊಯ್ದಂತೆ ನಿಲ್ಲುವ ಈ ಮಣ್ಣು, ನೀರು ಕುಡಿದರೆ ಬರೀ ಬಗ್ಗಡ.

ಆರಿದ್ರಾ ಮಳೆಗೆ ಮೇಲಿನ ತೋಟದ ನೀರು ಇಂಗತೊಡಗುತ್ತದೆ. ಪುನರ್ವಸುವಿಗೆ ಧರೆಯ ತಲೆಯ ಮೇಲೆ, ಅಂಚಿನಿಂದ ನಾಲ್ಕೈದು ಅಡಿ ಹಿಂದೆ, ಉದ್ದಕ್ಕೆ ಒಂದು ಕೂದಲೆಳೆ ಬಿರುಕು. ಬಿದ್ದ ಸೊಪ್ಪು ಸದೆಯ ಕೆಳಗೆ ಯಾರಿಗೂ ಕಾಣುವುದಿಲ್ಲ. ಪುಷ್ಯಕ್ಕೆ ಬುಡದಲ್ಲಿ ಒರತೆ. ಮೊದಲು ತಿಳಿನೀರು, ಆಮೇಲೆ ಕದಡಿದ ನೀರು. ಕದಡಿತು ಅಂದರೆ ಒಳಗಿನ ಮಣ್ಣು ತೊಳೆದು ಹೊರಗೆ ಬರುತ್ತಿದೆ. ಅಂಚಿನ ಅಡಿಕೆ ಮರ ವಾಲಿದ್ದರೆ ಅದೂ ಗುರುತೇ. ಅವತ್ತೇ ಮನೆ ಬಿಡಿ, ಬೆಳಗಾಗಲಿ ಅನ್ನಬೇಡಿ. ಬುಡದ ಶೇಡಿ ಜಾರಿದರೆ ಮೇಲಿನ ಜಂಬಿಟ್ಟಿಗೆ ಇಡೀ ಹೆಂಟೆಯಾಗಿ ಬಚ್ಚಲ ಮೇಲೆ ಕೂರುತ್ತದೆ.

'ಟಾರ್ಪಾಲು ಹೊದಿಸಿದ್ದೇವಲ್ಲ?' ಟಾರ್ಪಾಲು ಮುಖಕ್ಕೆ ಹೊದಿಸಿದ್ದೀರಿ, ನೀರು ಬರುತ್ತಿರುವುದು ಬೆನ್ನಿನಿಂದ! ಧರೆಯ ತಲೆಯ ಹಿಂದೆ ಕಾಲುವೆ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ಕಾಲುವೆಗೆ ಸಿಮೆಂಟು ಬೇಕು, ಇಲ್ಲದಿದ್ದರೆ ಅದೇ ಇಂಗುಗುಂಡಿಯಾಗುತ್ತದೆ. ಧರೆ ಕಡಿಯುವುದು ದೀಪಾವಳಿ ಕಳೆದ ಮೇಲೆ, 5 ಅಡಿಗೊಂದು ಮೆಟ್ಟಿಲಾಗಿ. ಮೆಟ್ಟಿಲು ಎಷ್ಟು ಎತ್ತರವೋ ಅಷ್ಟೇ ಅಗಲ. ತಡೆಗೋಡೆ ಕಟ್ಟುವುದಾದರೆ ಮುಂಗಾರಿಗೆ ಮೊದಲೇ ಮುಗಿಸಿ. ಐದೈದು ಅಡಿಗೆ 3 ಇಂಚಿನ ಪೈಪು ಹೊರಕ್ಕೆ ಇಳಿಜಾರಾಗಿ ಇಟ್ಟು, ಹಿಂದೆ ಜಲ್ಲಿ ತುಂಬಿ. ನೀರು ಬಸಿಯಲು ದಾರಿಯಿಲ್ಲದ ತಡೆಗೋಡೆ ಅಣೆಕಟ್ಟೆಯ ಕೆಲಸ ಮಾಡಬೇಕಾಗುತ್ತದೆ. ಅದಕ್ಕೆ ಆ ಶಕ್ತಿ ಎಲ್ಲಿದೆ? ಮನೆಗೂ ಅದೇ ಲೆಕ್ಕ: ಧರೆ 15 ಅಡಿ ಇದ್ದರೆ ಮನೆ 15 ಅಡಿ ಆಚೆ. ಸೈಟೇ ಸಾಲುವುದಿಲ್ಲ ಅಂತೀರಿ. ಹಾಗಾದರೆ ಅಷ್ಟು ಕಡಿಯಬೇಡಿ. ಇಳಿಜಾರಿಗೆ ತಕ್ಕಂತೆ ಎರಡು ಮಟ್ಟದಲ್ಲಿ ಕಟ್ಟಿ, ನಮ್ಮ ಹಳೆಯ ಮನೆಗಳೆಲ್ಲ ಹಾಗೇ ಅಲ್ಲವೆ?

ಧರೆಯಲ್ಲೇ ಹೊತ್ತು ಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. ಮೇಸ್ತ್ರಿಗಳೇ, 5 ಅಡಿಗಿಂತ ಆಳದ ಪೈಪು ಗುಂಡಿಗೆ ಎರಡೂ ಬದಿ ಹಲಗೆ ಕೊಟ್ಟು ನಡುವೆ ಅಡ್ಡಪಟ್ಟಿ ಬಿಗಿಯದೆ ಆಳು ಇಳಿಸಬೇಡಿ. ಭಾರತೀಯ ಮಾನಕ ಐಎಸ್ 3764 ಹೇಳುವುದೂ ಇದನ್ನೇ. ಅಗೆದ ಮಣ್ಣನ್ನು ಅಂಚಿಗೇ ಸುರಿಯಬೇಡಿ, ಆ ಭಾರವೇ ಅಂಚನ್ನು ಒಳಕ್ಕೆ ತಳ್ಳುತ್ತದೆ. ಇಳಿದವರು ಹತ್ತಿ ಬರಲು ಏಣಿ ಗುಂಡಿಯೊಳಗೇ ಇರಲಿ.

ಮನೆ ಕಟ್ಟಿಸುವವರೇ, ಗೃಹಪ್ರವೇಶದ ಮುಹೂರ್ತಕ್ಕೆಂದು ಮೇಸ್ತ್ರಿಯ ಬೆನ್ನು ಹತ್ತಬೇಡಿ. ತಾರಸಿ ಹಾಕಿದ ಮೇಲೆ ಕೆಳಗೆ ಆನಿಕೆಗೆ ಕೊಟ್ಟ ತಾತ್ಕಾಲಿಕ ಕಂಬಗಳು 14 ಅಡಿ ಹರವಿನವರೆಗೆ ಕನಿಷ್ಠ 7 ದಿನ, ಅದಕ್ಕೂ ಮೇಲಿದ್ದರೆ 14 ದಿನ ನಿಂತಿರಲಿ. ಮಳೆಗಾಲದ ಥಂಡಿಯಲ್ಲಿ ಕಾಂಕ್ರೀಟು ಬಲಿಯುವುದೇ ನಿಧಾನ, ಇನ್ನೂ ನಾಲ್ಕು ದಿನ ಕಾಯಿರಿ.

ಮಣ್ಣು ಬಿದ್ದೇಬಿಟ್ಟರೆ 112ಕ್ಕೆ ಕರೆ ಮಾಡಿ. ಆಳು ಇದ್ದ ಜಾಗಕ್ಕೆ ಗುರುತಿಡಿ. ಜೆಸಿಬಿಯನ್ನು ಅಂಚಿಗೆ ತರಬೇಡಿ, ಅದರ ಭಾರಕ್ಕೆ ಇನ್ನೊಂದು ಬದಿಯೂ ಕುಸಿಯುತ್ತದೆ. ನೋಡಲು ಓಡಿ ಬಂದವರನ್ನು ಹಿಂದಕ್ಕೆ ಸರಿಸಿ. ಎಷ್ಟು ದೂರಕ್ಕೆ ಅಂತ ಈಗ ನಿಮಗೇ ಗೊತ್ತು.

ನಮಸ್ಕಾರ.