ಯೂಪ್ಲೋಟಿಸ್ ವ್ಯಾನಸ್: ಹೆಸರು ಹೇಳೋ ಮುಂಚೆ ಬೆನ್ನು ನೋಡಿ

ಸೂಕ್ಷ್ಮದರ್ಶಕದ ಪರದೆ ಮೇಲೆ ಸರಸರ ನಡೀತಾ, ಗಕ್ಕನೆ ಹಿಂದಕ್ಕೆ ಸರಿದು, ದಿಕ್ಕು ಬದಲಿಸಿ ಮತ್ತೆ ಹೊರಡ್ತಿದೆಯಲ್ಲ, ಅದು ಯೂಪ್ಲೋಟಿಸ್. ವ್ಯಾನಸ್ ಅನ್ನೋದು ಅದರ ಒಂದು ಜಾತಿ. ಒಂದೇ ಕೋಶದ ಸಿಲಿಯೇಟ್, ಉದ್ದ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಕಾಲಿನಂತೆ ಕಾಣೋವು ಸಿರಸ್‌ಗಳು. ಎಷ್ಟೋ ಸಿಲಿಯಾ (ಕೋಶದ ಮೈಮೇಲಿನ ಸಣ್ಣ ರೋಮ) ಒಟ್ಟುಗೂಡಿ ಬ್ರಷ್ಷಿನ ಕೂದಲಿನ ಹಾಗಾದ ಗೊಂಚಲುಗಳು.

ಮಲ್ಪೆಯಾಗಲಿ ಕಾರವಾರವಾಗಲಿ, ಬಂಡೆಗೆ ಅಂಟಿದ ಹಸಿರು ಪಾಚಿಯನ್ನ ಅಲ್ಲಿನ ನೀರಲ್ಲೇ ಅಲುಗಾಡಿಸಿ ತೊಳೆದು, ಆ ನೀರನ್ನ ಪೆಟ್ರಿ ತಟ್ಟೆಗೆ ಹಾಕಿ. ಒಂದೇ ಒಂದು ಅಕ್ಕಿಕಾಳು ಸಾಕು. ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯುತ್ತೆ, ಇವು ಅದನ್ನ ತಿನ್ನುತ್ತವೆ. ಕಾಳು ಜಾಸ್ತಿಯಾದ್ರೆ ನೀರು ಕೊಳೆತು, ಆಮ್ಲಜನಕ ಇಲ್ಲದೆ ಎಲ್ಲವೂ ಸಾಯುತ್ತವೆ. ತಟ್ಟೆ ಮೇಲೆ ನೀರಿನ ಮಟ್ಟಕ್ಕೆ ಗೆರೆ ಹಾಕಿ; ಆರಿ ಕಡಿಮೆಯಾದಷ್ಟನ್ನ ಡಿಸ್ಟಿಲ್ಡ್ ನೀರಿಂದಲೇ ತುಂಬಿ. ಕಡಲ ನೀರು ಸೇರಿಸಿದ್ರೆ ಉಪ್ಪು ಏರ್ತಾ ಹೋಗುತ್ತೆ.

ಈಗ ಸ್ಲೈಡು. ಕವರ್‌ಸ್ಲಿಪ್ಪಿನ ನಾಲ್ಕು ಮೂಲೆಗೆ ವ್ಯಾಸಲೀನ್ ಚುಕ್ಕೆ ಇಟ್ಟು, ನಿಧಾನವಾಗಿ ಒತ್ತಿ, ಜೀವಿ ಓಡೋದು ನಿಲ್ಲೋ ತನಕ ಮಾತ್ರ. ಅಳತೆಯನ್ನ ಒತ್ತುವ ಮುಂಚೆಯೇ ತಗೊಳ್ಳಿ. ಚಪ್ಪಟೆಯಾದ ಕೋಶದ ಅಗಲ ಸುಳ್ಳು ಹೇಳುತ್ತೆ.

ಹೊಟ್ಟೆ ಕಡೆ ಎಣಿಸಿ: ಮುಂಭಾಗದಿಂದ ನಡುವಿನವರೆಗೆ ಹತ್ತು ಸಿರಸ್, ಅದರ ಹಿಂದೆ ಐದು ದಪ್ಪನೆಯವು. ಎರಡು ಕಡೆ ಹೊಸ ಸಿರಸ್‌ಗಳ ಗುಂಪು ಕಂಡರೆ ಅದು ವಿಭಜನೆಗೆ ಹೊರಟ ಕೋಶ, ಅದನ್ನ ಎಣಿಕೆಗೆ ತಗೋಬೇಡಿ. ಹಿಂಬದಿಯ ಬಲ ಮೂಲೆಯಲ್ಲಿ ಮೂರು ಬಲವಾದ ಸಿರಸ್ ಇದ್ದರೆ ಅದು ಡಯೋಫ್ರಿಸ್ ಅನ್ನೋ ಬೇರೆ ಕುಲ ಇರಬಹುದು.

ಹತ್ತು ಸಿರಸ್ ಇದೆ ಅಂದ ಮಾತ್ರಕ್ಕೆ ವ್ಯಾನಸ್ ಅಲ್ಲ. ಬಹಳ ಜನ ಎಡವೋದು ಇಲ್ಲೇ. ಬೆನ್ನಿನ ಮೇಲೆ ಬೆಳ್ಳಿ ಲವಣದಿಂದ ಮಾತ್ರ ಕಾಣೋ ಒಂದು ಬಲೆ ಇದೆ, ಹೆಸರು ಡಾರ್ಜಿರೋಮ್. ಪಕ್ಕಪಕ್ಕದ ಎರಡು ರೋಮಸಾಲುಗಳ ನಡುವೆ ಒಂದೇ ಸಾಲು ಕೋಣೆಗಳಿದ್ದರೆ ವ್ಯಾನಸ್ ಮಾದರಿ. ಹತ್ತಿರಹತ್ತಿರ ಸಮನಾದ ಎರಡು ಸಾಲಿದ್ದರೆ ಕ್ಯಾರನ್ ಜಾತಿಯಲ್ಲಿ ಕಾಣೋ ಯೂರಿಸ್ಟೋಮಸ್ ಮಾದರಿ. ಎರಡು ಸಾಲಿದ್ದು ಅಗಲ ಬೇರೆಬೇರೆಯಾದರೆ ಪಟೆಲ್ಲಾ ಮಾದರಿ.

ಪ್ರೋಟಾರ್ಗಾಲ್ ಬಣ್ಣ ಕೋಶಕೇಂದ್ರಕ್ಕೆ, ಸಿರಸ್‌ಗೆ ಒಳ್ಳೇದು, ಆದರೆ ಈ ಬಲೆಗೆ ಸಿಲ್ವರ್ ನೈಟ್ರೇಟೇ ಬೇಕು. ಕಡಲಜೀವಿಗೆ ಶಾಟನ್–ಲ್ವಾಫ್ ವಿಧಾನ ಸರಿ: ಶಾಂಪಿ ದ್ರಾವಣದಲ್ಲಿ ಸ್ಥಿರಗೊಳಿಸಿ, ಡಾ ಫಾನೋ ದ್ರಾವಣದಲ್ಲಿ ತೊಳೆದು, ಬೆಚ್ಚನೆಯ ಜೆಲಟಿನ್‌ನಲ್ಲಿ ಕೂರಿಸಿ, ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ. ಆಮೇಲೆ ತಣ್ಣನೆಯ 3% ಸಿಲ್ವರ್ ನೈಟ್ರೇಟ್, ತಣ್ಣನೆಯ ಡಿಸ್ಟಿಲ್ಡ್ ನೀರು, ಅದರಲ್ಲೇ ನೇರಳಾತೀತ ಬೆಳಕು. ಮುಂದೆ ಹಾಕೋ ಆಲ್ಕೋಹಾಲೂ ಮೊದಲು ತಣ್ಣಗಿರಲಿ. ಬೆಚ್ಚಗಾದ್ರೆ ಜೆಲಟಿನ್ ಕರಗಿ ಕೋಶಗಳೆಲ್ಲ ತೊಳೆದುಹೋಗ್ತವೆ. ಸುತ್ತ ಉಪ್ಪು ಉಳಿದರೆ ಸಿಲ್ವರ್ ಕ್ಲೋರೈಡ್ ಕಪ್ಪಾಗಿ, ಬಲೆ ಕಾಣಬೇಕಾದ ಕಡೆ ಮಸಿಚುಕ್ಕೆ ತುಂಬುತ್ತೆ. ಶಾಂಪಿಯಲ್ಲಿ ಆಸ್ಮಿಯಂ ಇದೆ, ಕಣ್ಣಿಗೂ ಶ್ವಾಸಕ್ಕೂ ಅಪಾಯ. ಫ್ಯೂಮ್ ಹುಡ್, ಕೈಗವಸು ಇಲ್ಲದೆ ಬಾಟಲಿಯ ಮುಚ್ಚಳ ತೆಗೆಯಲೇಬೇಡಿ.

ಬಲೆ ಒಂದೇ ಸಾಲು ಅಂತ ಗೊತ್ತಾದ್ಮೇಲೂ ಯೂಪ್ಲೋಟಿಸ್‌ನ ಇನ್ನೆರಡು ಜಾತಿ, ಕ್ರ್ಯಾಸಸ್ ಮತ್ತು ಮಿನ್ಯೂಟಾ, ಉಳಿದಿರ್ತವೆ. ಈ ಮೂರಕ್ಕೂ ಸಿರಸ್ ಹತ್ತೇ, ಬಲೆಯೂ ಇದೇ. ಮಿನ್ಯೂಟಾ ಚಿಕ್ಕದು, ಆದರೆ ಹಸಿದ ವ್ಯಾನಸ್ಸೂ ಕುಗ್ಗುತ್ತೆ, ಆಗತಾನೆ ಒಡೆದ ಮರಿಕೋಶವೂ ಚಿಕ್ಕದೇ. ಅದಕ್ಕೇ ಒಂದೇ ಕೋಶದಿಂದ ಬೆಳೆಸಿದ ಸಂತಾನದಲ್ಲಿ ಕನಿಷ್ಠ 20 ಕೋಶ ಅಳೆದು, ಬಾಯಿಯ ಪೊರೆಪಟ್ಟಿಗಳನ್ನೂ (ಅಲ್ಲಿ ಸಿಲಿಯಾ ಸೇರಿ ಆದ ಪಟ್ಟಿಗಳು) ಬೆನ್ನಿನ ರೋಮಸಾಲುಗಳನ್ನೂ ಎಣಿಸಿ, ಕನಿಷ್ಠ, ಗರಿಷ್ಠ, ಸರಾಸರಿ ಮೂರನ್ನೂ ಬರೆಯಿರಿ. ಅದೇ ಸಂತಾನದಿಂದ ಜಾತಿ ಗುರುತಿಸೋಕೆ ಬಳಸೋ 18ಎಸ್ ಜೀನ್‌ನ ಡಿಎನ್ಎ ಅನುಕ್ರಮವನ್ನೂ ತೆಗೆಸಿ.

ಹೊಸ ಜಾತಿ ಅಂತ ಅನಿಸಿದರೆ ಮೊದಲು ಹಳೆಯ ವಿವರಣೆಗಳನ್ನ ಓದಿ. ವ್ಯಾನಸ್ ಹೆಸರು ಡೆನ್ಮಾರ್ಕಿನ ಜೀವವಿಜ್ಞಾನಿ ಮುಲ್ಲರ್ 1786ರಲ್ಲಿ ಕೊಟ್ಟಿದ್ದು, ಯೂಪ್ಲೋಟಿಸ್‌ಗೆ ಸೇರಿದ್ದು ಆಮೇಲೆ. ಪ್ರಕಟಿಸುವಾಗ ಮಾದರಿ ಸ್ಲೈಡು, ಅಂದ್ರೆ ಹೊಸ ಹೆಸರಿಗೆ ಆಧಾರವಾದ ಸ್ಲೈಡು, ಸಂಗ್ರಹಾಲಯಕ್ಕೆ ಸೇರಬೇಕು. ಅದರಲ್ಲಿ ನೂರಾರು ಕೋಶಗಳಿರ್ತವೆ. ನೀವು ಚಿತ್ರ ಬರೆದ ಕೋಶದ ಸುತ್ತ ಕವರ್‌ಸ್ಲಿಪ್ ಮೇಲೆ ಶಾಯಿಯಲ್ಲಿ ಒಂದು ವೃತ್ತ ಹಾಕಿ ಕೊಡಿ.