ದಂಡದ ಹಣದಿಂದ ಎದ್ದ ವಿಶ್ವವಿದ್ಯಾಲಯ

ಕೇಳುಗರಿಗೆ ನಮಸ್ಕಾರ.

ಬೀಜಿಂಗ್‌ನ ವಾಯವ್ಯಕ್ಕೆ, ಒಂದು ಕಾಲದಲ್ಲಿ ಅರಸುಮನೆತನದ ಉದ್ಯಾನವಾಗಿದ್ದ ಜಾಗದಲ್ಲಿ ಸಿಂಘುವಾ ವಿಶ್ವವಿದ್ಯಾಲಯವಿದೆ. ಇದಕ್ಕೆ ಬಂಡವಾಳ ಒದಗಿದ್ದು ದಂಡದ ದುಡ್ಡಿನಿಂದ. ಚೀನಾದಲ್ಲಿ ಪರದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯನ್ನು ಅಡಗಿಸಿದ ವಿದೇಶಿ ಸರ್ಕಾರಗಳು 1901ರಲ್ಲಿ ಚೀನಾದ ಮೇಲೆ 45 ಕೋಟಿ ತಾಯೆಲ್ (ಚೀನಾದ ಹಳೆಯ ತೂಕದ ಅಳತೆ) ಬೆಳ್ಳಿಯ ದಂಡ ಹೇರಿದವು. ಬಡ್ಡಿ ಸಮೇತ 39 ವರ್ಷಗಳಲ್ಲಿ ತೀರಿಸಬೇಕಿತ್ತು. ತನ್ನ ಪಾಲು ನಿಜವಾದ ನಷ್ಟಕ್ಕಿಂತ ಹೆಚ್ಚಾಯಿತೆಂದು ಕಂಡ ಅಮೆರಿಕ, 1908ರಲ್ಲಿ ಹೆಚ್ಚುವರಿಯನ್ನು ಬಿಟ್ಟುಕೊಡಲು ಒಪ್ಪಿತು. ಆ ಹಣವನ್ನು ಚೀನೀ ವಿದ್ಯಾರ್ಥಿಗಳನ್ನು ಅಮೆರಿಕಕ್ಕೆ ಕಳಿಸಿ ಓದಿಸಲು ಬಳಸುವುದೆಂದು ತೀರ್ಮಾನವಾಯಿತು. ಅವರನ್ನು ಅಣಿಗೊಳಿಸಲು 1911ರಲ್ಲಿ ತೆರೆದ ಶಾಲೆಯೇ ಸಿಂಘುವಾ.

ಪರದೇಶಕ್ಕೆ ಕಳಿಸಲೆಂದೇ ಹುಟ್ಟಿದ ಶಾಲೆ, 1925ರಲ್ಲಿ ಪದವಿ ತರಗತಿಗಳ ಜೊತೆಗೆ ಚೀನೀ ವಿದ್ಯೆಗಾಗಿಯೇ ಒಂದು ಸಂಶೋಧನಾಲಯ ತೆರೆಯಿತು. ನನ್ನ ಮಟ್ಟಿಗೆ ಅದರ ಚರಿತ್ರೆಯ ಅತ್ಯುತ್ತಮ ಘಟ್ಟ ಇದು. ಅಲ್ಲಿ ಪಾಠ ಹೇಳಿದ ಚೆನ್ ಯಿಂಕೆ ಅವರಿಗೆ ಸಂಸ್ಕೃತ, ಪಾಲಿ ಎರಡೂ ಬರುತ್ತಿದ್ದವು. ಮುಂದೆ ಸಿಂಘುವಾದಲ್ಲಿ ಅವರ ಪಾಠಕ್ಕೆ ಬಂದು ಕೂರುತ್ತಿದ್ದ ಜಿ ಶಿಯಾನ್‌ಲಿನ್ ಎಂಬ ಹುಡುಗ ಜರ್ಮನಿಗೆ ಹೋಗಿ ಸಂಸ್ಕೃತ ಕಲಿತರು, ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು, ವಾಲ್ಮೀಕಿ ರಾಮಾಯಣವನ್ನು ಇಡಿಯಾಗಿ ಚೀನೀ ಪದ್ಯಕ್ಕೆ ತಂದರು. ಭಾರತ ಸರ್ಕಾರ 2008ರಲ್ಲಿ ಅವರಿಗೆ ಪದ್ಮಭೂಷಣ ನೀಡಿತು.

ಜಪಾನ್ ಚೀನಾದ ಮೇಲೆ ದಂಡೆತ್ತಿ ಬಂದ ಯುದ್ಧಕಾಲದಲ್ಲಿ ಸಿಂಘುವಾ, ಪೀಕಿಂಗ್, ನಾನ್‌ಕಾಯ್ ಮೂರೂ ವಿಶ್ವವಿದ್ಯಾಲಯಗಳು ಒಂದಾಗಿ, ದೂರದ ಕುನ್‌ಮಿಂಗ್‌ನಲ್ಲಿ 1938ರಿಂದ 1946ರವರೆಗೆ ನಡೆದವು. ತರಗತಿಗಳಿಗೆ ತಗಡಿನ ಮಾಡು. ಮಳೆ ಜೋರಾದರೆ ಮೇಷ್ಟರ ಮಾತೇ ಕೇಳಿಸುತ್ತಿರಲಿಲ್ಲ. 1957ರ ಭೌತವಿಜ್ಞಾನದ ನೊಬೆಲ್ ಪಡೆದ ಯಾಂಗ್ ಚೆನ್‌ನಿಂಗ್ ಮತ್ತು ತ್ಸುಂಗ್‌ಡಾವೊ ಲೀ ಇಬ್ಬರೂ ಕುನ್‌ಮಿಂಗ್‌ನಲ್ಲಿ ಓದಿದವರು.

ದೊಡ್ಡ ಪೆಟ್ಟು ಬಿದ್ದದ್ದು ಶಾಂತಿಕಾಲದಲ್ಲಿ. ಕಾರ್ಖಾನೆ, ಅಣೆಕಟ್ಟುಗಳಿಗೆ ಎಂಜಿನಿಯರುಗಳು ಬೇಕೆಂದು, 1952ರಲ್ಲಿ ಸೋವಿಯತ್ ಮಾದರಿಯಂತೆ ಇಡೀ ದೇಶದ ಕಾಲೇಜುಗಳನ್ನು ಮರುಹಂಚಿಕೆ ಮಾಡಲಾಯಿತು. ಸಿಂಘುವಾದ ಸಾಹಿತ್ಯ, ವಿಜ್ಞಾನ, ಕಾನೂನು ವಿಭಾಗಗಳು ಹೊರಗೆ ಹೋದವು. ಎಂಜಿನಿಯರಿಂಗ್ ಮಾತ್ರ ಉಳಿಯಿತು. ಎಂಜಿನಿಯರಿಂಗ್‌ನ ತಾಯಿಬೇರಾದ ಭೌತವಿಜ್ಞಾನವನ್ನೇ ಕಿತ್ತು ಬೇರೆಡೆ ನೆಟ್ಟರೆ ಎರಡೂ ಸೊರಗುತ್ತವೆ. ಕಳಚಿಕೊಂಡದ್ದನ್ನು ಕಟ್ಟಿಕೊಳ್ಳಲು ದಶಕಗಳೇ ಹಿಡಿದವು: ಅರ್ಥಶಾಸ್ತ್ರ ಮತ್ತು ನಿರ್ವಹಣಾ ಶಾಲೆ 1984ರಲ್ಲಿ, ಕಾನೂನು 1995ರಲ್ಲಿ. ಕಲಾ ಅಕಾಡೆಮಿ 1999ರಲ್ಲಿ ವಿಲೀನವಾಯಿತು, ವೈದ್ಯಕೀಯ 2001ರಲ್ಲಿ ಶುರುವಾಯಿತು.

ಇಂದು ಅಲ್ಲಿ ಓದಲು ಬಯಸುವವರು ಮೊದಲು ಬೋಧನಾ ಭಾಷೆಯನ್ನು ನೋಡಿಕೊಳ್ಳಿ. ಪದವಿ ತರಗತಿಗಳು ಬಹುಪಾಲು ಚೀನೀ ಭಾಷೆಯಲ್ಲಿವೆ. ದಿನಬಳಕೆಯ ಮಾತು ಕಲಿತರೆ ಸಾಲದು, ಗಣಿತ, ವಿಜ್ಞಾನದ ಪಾರಿಭಾಷಿಕ ಪದಗಳೂ ಬೇಕು; ಅದಕ್ಕೆ ಮುಂಚೆಯೇ ಒಂದೆರಡು ವರ್ಷ ಮೀಸಲಿಡಬೇಕಾಗುತ್ತದೆ. ಇಂಗ್ಲಿಷಿನಲ್ಲಿ ನಡೆಯುವ ಕೋರ್ಸುಗಳು ಹೆಚ್ಚಾಗಿ ಸ್ನಾತಕೋತ್ತರ ಮಟ್ಟದವು. 2016ರಲ್ಲಿ ಶುರುವಾದ ಶ್ವಾರ್ಜ್‌ಮನ್ ವಿದ್ಯಾರ್ಥಿವೇತನದಡಿ ಒಂದು ವರ್ಷದ ಜಾಗತಿಕ ವ್ಯವಹಾರಗಳ ಸ್ನಾತಕೋತ್ತರ ಪದವಿ ಇಂಗ್ಲಿಷಿನಲ್ಲೇ ಇದೆ.

ಇನ್ನೊಂದು ಪರೀಕ್ಷೆ ಕೊಳದಲ್ಲಿ. 2017ರಲ್ಲಿ ಸೇರಿದವರಿಂದ ಮೊದಲ್ಗೊಂಡು, ಪದವಿ ವಿದ್ಯಾರ್ಥಿಗಳು 50 ಮೀಟರ್ ಈಜಲೇಬೇಕೆಂಬ ಹಳೆಯ ನಿಯಮ ಮರಳಿ ಬಂದಿದೆ. ಈಜು ಬಾರದವರು ತರಗತಿ ಸೇರಿ ಕಲಿತು, ಪದವಿಗೆ ಮುಂಚೆ ದಡ ಮುಟ್ಟಿ ತೋರಿಸಬೇಕು.